ಎದುರುಮನೆ ಮಿಸ್‌ನ ಪರೀಕ್ಷೆ

ಹೋದ ವಾರ ಕಮ್ಮನಹಳ್ಳಿ ಮೇನ್ ರೋಡಿನ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಹಣ್ಣುಗಳ ಬುಟ್ಟಿ ಕಂಡೆ. ಧೂಳು ಹಿಡಿದ ಸೇಬು, ಬಾಳೆ, ದ್ರಾಕ್ಷಿಗೊಂಚಲು. ಷೋಕೇಸಿನಲ್ಲಿಡುವ ಅಂಥ ಹಣ್ಣುಗಳನ್ನು ಈಗ ಯಾರು ಕೊಳ್ಳುತ್ತಾರೋ! ನಾನಂತೂ ಒಬ್ಬಳೇ ನಿಂತು ನಕ್ಕೆ. ಏನಾಯಿತೆಂದು ಅಂಗಡಿಯವನು ಎದ್ದು ಬಂದ. ನಮ್ಮ ಎದುರುಮನೆ ಮಿಸ್ ಇಂಗ್ಲಿಷ್ ಕಲಿಸುತ್ತಿದ್ದದ್ದು ಇಂಥವೇ ಹಣ್ಣುಗಳಿಂದ ಎಂದು ಅವನಿಗೆ ಹೇಗೆ ಹೇಳಲಿ...

ಆಗ ನಾವು ಫ್ರೇಜರ್ ಟೌನಿನಲ್ಲಿದ್ದೆವು. ಮಿಸ್ ಶಾಲೆಯಿಂದ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇಡೀ ಬೀದಿಗೆ ಅವರು ಮಿಸ್ಸೇ, ನಮ್ಮಮ್ಮನಿಗೂ, ನಾವು ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮುಸ್ಲಿಂ ಆಂಟಿಗೂ. ಸಂಜೆಯಾದರೆ ಮೂವರೂ ಮಿಸ್ ಮನೆ ವೆರಾಂಡಾದಲ್ಲಿ ಕಾಫಿಗೆ ಸೇರಲೇಬೇಕು. ಅಂಥ ಒಂದು ಸಂಜೆ ಮಿಸ್, ತಾವು ಚರ್ಚಿನ ಮಿಷನ್ ಕೆಲಸಕ್ಕೆ ಕಾಂಬೋಡಿಯಾಗೆ ಹೋಗಿ ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದಾಗಿ ಹೇಳಿದರು. ಆದರೆ ಅದಕ್ಕೊಂದು ಪರೀಕ್ಷೆಯಿತ್ತು. ಆ ಮಕ್ಕಳಿಗೆ ಇಂಗ್ಲಿಷ್ ಬಾರದು, ಮಿಸ್‌ಗೆ ಅವರ ಭಾಷೆ ಬಾರದು. ಹಾಗಾಗಿ ಇಂಗ್ಲಿಷಿನ ಗಂಧವೇ ಇಲ್ಲದವರಿಗೆ, ಬೇರೆ ಭಾಷೆಯ ಒಂದು ಮಾತೂ ಆಡದೆ ಕಲಿಸಿ, ಪಾಸ್ಟರ್‌ಗೆ ತೋರಿಸಬೇಕು.

ಫ್ರೇಜರ್ ಟೌನಿನಲ್ಲಿ ಅಂಥ ಮಗುವನ್ನು ಎಲ್ಲಿಂದ ತರುವುದು? ನಮ್ಮ ಬೀದಿಯಲ್ಲಿ ಹಾಲುಹಲ್ಲು ಮೂಡದ ಕೂಸೂ ‘ಬಾಯ್ ಆಂಟಿ’ ಎನ್ನುತ್ತಿತ್ತು. ಕೊನೆಗೆ ಮಿಸ್ ಕಣ್ಣಿಗೆ ಬಿದ್ದವರು ಅಮ್ಮ ಮತ್ತು ಖಾಲಾ.

“ನಂಗೆ ಬಸ್ಸು, ಟೈಮು, ಟೆನ್ಷನ್ ಎಲ್ಲಾ ಬರತ್ತಲ್ಲ ಮಿಸ್,” ಎಂದು ಅಮ್ಮ ರಾಗ ಎಳೆದಳು.

“ಅದೆಲ್ಲಾ ಕನ್ನಡಾನೇ ಬಿಡಿ,” ಎಂದು ಮಿಸ್ ಅವಳನ್ನು ಸೇರಿಸಿಕೊಂಡರು.

ಪಾಠಕ್ಕೆ ಮುಂಚೆ ಮಿಸ್ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಅಮ್ಮ ಪಕ್ಕದಲ್ಲೇ ವಕ್ರತುಂಡ ಮಹಾಕಾಯ ಹೇಳಿಕೊಳ್ಳುತ್ತಿದ್ದಳು, ಖಾಲಾ ಬಿಸ್ಮಿಲ್ಲಾ ಅನ್ನುತ್ತಿದ್ದರು. ಆಮೇಲೆ ಮಿಸ್ ಸೇಬು ಎತ್ತಿ ಹಿಡಿದು “ದಿಸ್ ಈಸ್ ಆ್ಯನ್ ಆ್ಯಪಲ್” ಎಂದರೆ ಖಾಲಾ, “ಪ್ಲಾಸ್ಟಿಕ್ ಅಲ್ವಾ ಮಿಸ್?” ಎನ್ನುವರು. ಕನ್ನಡದಲ್ಲಿ ಉತ್ತರಿಸಿದರೆ ನಿಯಮ ಮುರಿಯುತ್ತದೆ. ಮಿಸ್ ಹಲ್ಲು ಕಚ್ಚಿಕೊಂಡು ಮತ್ತೆ ಅದೇ ಸೇಬು ಎತ್ತುವರು. ‘ಸಿಟ್’ ಅನ್ನುವುದು ಅಮ್ಮನಿಗೆ ಮೊದಲ ದಿನವೇ ಬಂತು. ‘ಸ್ಟ್ಯಾಂಡ್’ ಮಾತ್ರ, ಮಂಡಿನೋವಿನ ಕೃಪೆಯಿಂದ, ಬಹಳ ದಿನ ಅರ್ಥವೇ ಆಗಲಿಲ್ಲ. ಆದರೂ ಇಬ್ಬರೂ ಕಲಿತರು. ಮನೆಯಲ್ಲಿ ಅಪ್ಪನಿಗೆ “ಸಿಟ್! ಈಟ್!” ಎಂದು ಅಪ್ಪಣೆಯಾಗತೊಡಗಿತು.

ಪರೀಕ್ಷೆ ಹತ್ತಿರ ಬಂದಾಗ ಖಾಲಾಗೆ ಜ್ಞಾನೋದಯವಾಯಿತು. ನಮ್ಮ ಅಡುಗೆಮನೆಗೆ ಬಂದು ಪಿಸುಗುಟ್ಟಿದರು. “ನಾವು ಪಾಸಾದ್ರೆ ಮಿಸ್ ಹೋಗ್ಬಿಡ್ತಾರೆ. ಸಮ್ಜಾ ಕ್ಯಾ?”

ಅಮ್ಮ ಸೌಟು ಹಿಡಿದವಳು ಹಾಗೇ ನಿಂತುಬಿಟ್ಟಳು. ಮಿಸ್ ಇಲ್ಲದ ಸಂಜೆಯನ್ನು ಅವಳು ಅದುವರೆಗೆ ಯೋಚಿಸಿಯೇ ಇರಲಿಲ್ಲವೆಂದು ಕಾಣುತ್ತದೆ. ಬಾಯಿ ಬಿಡಬಾರದೆಂದು ಅಲ್ಲೇ ಒಪ್ಪಂದವಾಯಿತು.

ಪಾಸ್ಟರ್ ಬಂದರು. ಸೇಬು ತೋರಿಸಿ, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಅಮ್ಮ ಸೂರು ನೋಡಿದಳು. ಬಾಳೆಹಣ್ಣು ತೋರಿಸಿದರು. ಖಾಲಾ ದುಪಟ್ಟಾ ಸರಿಮಾಡಿಕೊಂಡರು. ಮಿಸ್ ಮುಖ ಬಾಡುತ್ತಾ ಹೋಯಿತು. ಪಾಸ್ಟರ್ ಒಳ್ಳೆಯವರು, ಆದರೆ ಸಮಾಧಾನ ಹೇಳಲು ಬಾರದವರು. “ಬೇಜಾರ್ ಮಾಡ್ಕೋಬೇಡಿ ಸಿಸ್ಟರ್. ವಯಸ್ಸಾದ್ಮೇಲೆ ಇದೆಲ್ಲಾ ಕಷ್ಟಾನೇ. ಇಲ್ಲೇ ಸಂಡೇ ಸ್ಕೂಲ್ ಮಕ್ಕಳಿಗೆ ಬಿಸ್ಕೆಟ್ ಹಂಚ್ಕೊಂಡಿರಿ,” ಎಂದರು.

ಮಿಸ್ ಹಣ್ಣುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದರು.

ಅಮ್ಮ ಎದ್ದೇಬಿಟ್ಟಳು, ಮಂಡಿನೋವು ಎಲ್ಲಿ ಹೋಯಿತೋ. “ಪಾಸ್ಟರ್, ಸಿಟ್!” ಪಾಸ್ಟರ್ ಕೂತರು. ಚೀಲದಿಂದ ಸೇಬು ಕಿತ್ತುಕೊಂಡು, “ದಿಸ್ ಈಸ್ ಆ್ಯಪಲ್. ದಿಸ್ ಈಸ್ ಬನಾನಾ. ದಿಸ್ ಈಸ್ ಪಾಸ್ಟರ್. ಪಾಸ್ಟರ್ ಈಸ್ ಓಲ್ಡ್. ಮಿಸ್ ಈಸ್ ನಾಟ್ ಓಲ್ಡ್!” ಎಂದಳು. ಖಾಲಾ ತಡೆಯಲಾರದೆ, “ಮಿಸ್ ಈಸ್ ವೆರಿ ಗುಡ್! ಪಾಸ್ಟರ್, ಸ್ಟ್ಯಾಂಡ್!” ಎಂದು ಅಬ್ಬರಿಸಿದರು. ಪಾಪ, ಅವರು ಎದ್ದು ನಿಂತರು. ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪರೀಕ್ಷೆ ಪಾಸಾಯಿತು.

ಮಿಸ್ ಹೋದರು. ವಿಡಿಯೋ ಕಾಲ್ ಮಾಡಿದಾಗ ಅಲ್ಲಿನ ಮಕ್ಕಳ ಹಿಂಡೇ ಅಮ್ಮನಿಗೆ “ಸಿಟ್!” ಎಂದು ಕೂಗುತ್ತಿತ್ತು, ಅಮ್ಮ ಫೋನ್ ಹಿಡಿದು ವಿಧೇಯಳಾಗಿ ಸೋಫಾದಲ್ಲಿ ಕೂರುತ್ತಿದ್ದಳು. ಬರುವ ವರ್ಷ ಬರುತ್ತೇನೆ, ಈ ಮಕ್ಕಳದೊಂದು ಹಂತಕ್ಕೆ ಬರಲಿ ಎನ್ನುತ್ತಲೇ ಮಿಸ್ ಉಳಿದರು... ಅಲ್ಲೇ ಜ್ವರ ಬಂದು ತೀರಿಕೊಂಡರು. ಮಣ್ಣು ಮಾಡಿದ್ದೂ ಅಲ್ಲೇ. ಮುಖ ನೋಡಲಿಕ್ಕೂ ನಮಗೆ ಆಗಲಿಲ್ಲ. ಅದು ನನಗೆ ಈಗಲೂ ಸಂಕಟ.

ನಾವೀಗ ಕಲ್ಯಾಣ ನಗರದಲ್ಲಿದ್ದೇವೆ. ಖಾಲಾ ಆಗಾಗ ಆಟೋ ಹಿಡಿದು ಬರುತ್ತಾರೆ. ಮೊನ್ನೆಯೂ ಬಂದಿದ್ದರು. ಕಾಫಿ ಲೋಟ ಕೆಳಗಿಟ್ಟು, “ಅವತ್ತು ನಾವು ಬಾಯಿ ಮುಚ್ಕೊಂಡಿದ್ರೆ ಮಿಸ್ ಇಲ್ಲೇ ಇರ್ತಿದ್ರು,” ಎಂದರು.

ಅಮ್ಮ ಆ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.

“ಇಲ್ಲೇ ಇರ್ತಿದ್ರು ನಿಜ,” ಎಂದಳು. “ಬಿಸ್ಕೆಟ್ ಹಂಚ್ಕೊಂಡು.”