ಸುಡದ ಸಹಿ

ನನಗೆ ಕ್ಷಮಿಸುವ ಗುಣ ಕಡಿಮೆ. ಮೈಸೂರಿನಲ್ಲಿ ಅಬ್ಬಾ ಇದನ್ನೇ ಹೇಳಿ ಬೈಯುತ್ತಿದ್ದರು. ಸ್ಯಾನ್ ಡಿಯಾಗೋಗೆ ಬಂದ ಮೇಲೂ ನಾನು ಸುಧಾರಿಸಲಿಲ್ಲ.

ಅಲ್ಲಿ ಬಣ್ಣದ ಗಾಜಿನ ಕಿಟಕಿ ಮಾಡುವ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಮಾಲೀಕರು ಧಾರವಾಡದವರು, ಇಂಜಿನಿಯರ್ ಕೆಲಸ ಬಿಟ್ಟು ಅದನ್ನು ಕೊಂಡಿದ್ದರು. ಮಾತಿನಲ್ಲಿ ಮನೆ ಕಟ್ಟುವವರು. ಗಾಜು ಸುಡುವ ಭಟ್ಟಿಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಇರಾಕ್ ಯುದ್ಧ ಶುರುವಾದ ಮರುವರ್ಷ ಲಾಸ್ ಏಂಜಲೀಸಿನ ಯಹೂದಿ ಪ್ರಾರ್ಥನಾ ಮಂದಿರವೊಂದರ ದೊಡ್ಡ ಕಿಟಕಿ ನಮ್ಮ ಪಾಲಿಗೆ ಬಂತು. ಗುಲಾಮಗಿರಿಯಿಂದ ಓಡಿಬಂದ ತಮ್ಮ ಪೂರ್ವಜರಿಗೆ ಸಮುದ್ರ ಸೀಳಿ ದಾರಿ ಬಿಟ್ಟ ಕಥೆ ಬೇಕೆಂದಿದ್ದರು. ಮಾಲೀಕರು ಆ ಜನರನ್ನು ಮುನ್ನಡೆಸಿದ ಗಡ್ಡದ ಪ್ರವಾದಿಯ ಚಿತ್ರ ಒಯ್ದರು. ಪ್ರಾರ್ಥನೆಯ ಜಾಗದಲ್ಲಿ ಮುಖಗಳು ಬೇಡವೆಂದು ಕಮಿಟಿ ಅದನ್ನು ವಾಪಸ್ ಕಳಿಸಿತು.

ಮುಖವಿಲ್ಲದೆ ಗೋಡೆ ತುಂಬುವುದನ್ನು ನಾನು ನಮ್ಮ ಓಣಿಯ ಮಸೀದಿಯಲ್ಲಿ ನೋಡುತ್ತಲೇ ಬೆಳೆದವಳು. ಎರಡು ನೀಲಿ ಗೋಡೆ, ನಡುವೆ ಒದ್ದೆ ಮಣ್ಣಿನ ಬಣ್ಣದ ಕಿರುದಾರಿ, ಅಷ್ಟೇ ಬರೆದೆ. ಕಮಿಟಿಯ ಹಿರಿಯ ಹೆಂಗಸು ಅದನ್ನು ನೋಡಿ ಕಣ್ಣೊರೆಸಿಕೊಂಡರಂತೆ.

ಗಾಜು ಕತ್ತರಿಸಿದ್ದು, ಬಣ್ಣ ಹಚ್ಚಿದ್ದು, ಸುಟ್ಟಿದ್ದು ಎಲ್ಲ ನಾನೇ. ಮಾಡಿದವರ ಸಹಿ ಇರುವ ಮೂಲೆಯ ಗಾಜಿನ ತುಂಡನ್ನು ಕೊನೆಗೆ ಕೂರಿಸುವುದು ರೂಢಿ. ಅದಕ್ಕೆ ಕುಂಚ ಎತ್ತಿದಾಗ ಮಾಲೀಕರು ಕೈ ಅಡ್ಡ ಹಿಡಿದರು.

"ನಿಮ್ಮ ಹೆಸರು ಅಲ್ಲಿ ಬ್ಯಾಡ್ರೀ. ಈಗಿನ ದಿನಮಾನ ನಿಮಗ ಗೊತ್ತೈತಲ್ಲ. ಮುಸಲ್ಮಾನರ ಹೆಸರು ನೋಡಿ ಅವರೇನಂದಾರು?"

ಮಂದಿರದವರನ್ನು ಯಾರೂ ಕೇಳಿರಲೇ ಇಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಮಾಲೀಕರು ತಮ್ಮ ಹೆಸರು ಬರೆದು, "ಕೂಡಿಸಿಬಿಡ್ರಿ" ಎಂದು ಊಟಕ್ಕೆ ಹೊರಟರು.

ಗಾಜಿನ ಮೇಲಿನ ಬಣ್ಣ ಭಟ್ಟಿಯಲ್ಲಿ ಸುಟ್ಟರೆ ಮಾತ್ರ ನಿಲ್ಲುತ್ತದೆ. ಸುಡದಿದ್ದರೆ ಒದ್ದೆ ಬಟ್ಟೆಗೇ ಬಂದುಬಿಡುತ್ತದೆ, ನೋಡಲು ಮಾತ್ರ ಎರಡೂ ಒಂದೇ. ಇದು ಅವರಿಗೆ ಹೊಳೆಯಲಿಲ್ಲ, ನಾನೂ ಹೇಳಲಿಲ್ಲ. ಹಸಿ ಸಹಿ ಒಣಗಿದ ಮೇಲೆ, ಅದಕ್ಕೆ ಬೆರಳು ತಾಗದಂತೆ, ತುಂಡನ್ನು ಹಾಗೇ ಕೂರಿಸಿದೆ. ವಸಂತದಲ್ಲಿ ಬರುವ ಪಾಸೋವರ್ ಹಬ್ಬಕ್ಕೆ ಮುಂಚೆ ಮಂದಿರವನ್ನು ಮೂಲೆಮೂಲೆ ಒರೆಸುತ್ತಾರೆಂದು ಆ ಹಿರಿಯ ಹೆಂಗಸು ನನಗೆ ಹೇಳಿದ್ದರು. ತಾಳಿದವನು ಬಾಳಿಯಾನು ಅನ್ನುತ್ತಾರೆ. ನಾನು ಚಳಿಗಾಲವಿಡೀ ತಾಳಿದೆ.

ಅಷ್ಟರಲ್ಲಿ ಮಾಲೀಕರಿಗೆ ಒಂದು ಚಟ ಅಂಟಿತ್ತು. ಲಾಸ್ ಏಂಜಲೀಸ್ ಹತ್ತಿರದ ಕ್ಯಾಲಬಾಸಸ್‌ನ ಹಿಂದೂ ದೇವಸ್ಥಾನಕ್ಕೆ ಬಂದ ಕನ್ನಡದವರನ್ನು ವಾಪಸ್ ಹೋಗುವಾಗ ಈ ಮಂದಿರಕ್ಕೆ ಕರೆತಂದು ತಮ್ಮ ಸಹಿ ತೋರಿಸುವುದು. ಹಬ್ಬ ಕಳೆದ ಭಾನುವಾರವೂ ಮೂರು ಕಾರು ತುಂಬ ಜನರನ್ನು ಕರೆತಂದರು. ಗಾಜಿನ ಅಂಚಿಗೆ ಮೆತ್ತಿದ ಪುಟ್ಟಿ ಬಿರಿದಿದೆಯೇ ನೋಡಲು ನನ್ನನ್ನೂ ಬರಹೇಳಿದ್ದರು. ಬೆರಳು ಚಾಚಿ ಮೂಲೆ ತೋರಿಸಿದರು.

"ಎಲ್ಲಿ ಅಂಕಲ್? ಏನೂ ಇಲ್ವಲ್ಲ!" ಎಂದಳು ಬೆಂಗಳೂರಿನ ಹುಡುಗಿಯೊಬ್ಬಳು.

ಅವರು ಬಗ್ಗಿ ನೋಡಿದರು, ಉಗುರಿನಿಂದ ಕೆರೆದರು. ನನ್ನ ಕಡೆ ತಿರುಗಿದಾಗ ಮುಖ ಬಿಳಿಚಿತ್ತು. "ಸುಟ್ಟಿರಲಿಲ್ಲೇನ್ರೀ?"

"ಇಲ್ಲ ಸರ್. ನಿಮ್ಮ ಕೆಲಸ ಅಲ್ವಾ, ಸುಡಬೇಕಾ ಬೇಡ್ವಾ ನಿಮಗೇ ಗೊತ್ತಿರತ್ತೆ ಅಂದ್ಕೊಂಡೆ."

ಆ ಮುಖ ಈಗಲೂ ನೆನಪಾದರೆ ನನಗೆ ಖುಷಿಯಾಗುತ್ತದೆ. ಅಲ್ಲೇ ಇದ್ದ ಕಮಿಟಿಯ ಹಿರಿಯ ಹೆಂಗಸು ಏನಾಯಿತೆಂದು ಕೇಳಿದರು. ಎಲ್ಲರೆದುರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ, ಬೇಡವೆಂದದ್ದು ಯಾವ ಹೆಸರು, ಯಾಕೆ ಎಂಬುದನ್ನೂ. ಮಾಲೀಕರು ಟ್ರಾಫಿಕ್ ಆಗ್ತದ ಎಂದು ಗೊಣಗಿ ಅತಿಥಿಗಳಿಗಿಂತ ಮೊದಲೇ ಹೊರಗೆ ನಡೆದರು. ಮರುದಿನ ನನ್ನ ಕೆಲಸ ಹೋಯಿತು.

ಆ ವಾರವೇ ಮಂದಿರದಿಂದ ಫೋನ್ ಬಂತು, ಕಿಟಕಿಗೆ ನನ್ನ ಸಹಿಯೇ ಇರಲಿ ಎಂದು. ಮೂಲೆತುಂಡನ್ನು ಬಿಚ್ಚಿಕೊಂಡು ಬಂದು, ಬೇರೆಯವರ ಭಟ್ಟಿಯಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ, ಅಬ್ಬಾನ ಹೆಸರೂ ಸೇರಿಸಿ ಬರೆದು, ಎರಡು ಸಲ ಸುಟ್ಟೆ.