ಹುಳುಗಳಿಗೆ ಹೆಸರಿಡುವ ಡೋನಾ ಡೆಲ್ಮಿರಾ

ನಮ್ಮ ಸಾಂತಾ ಮರಿಯಾ ದ್ವೀಪದಲ್ಲಿ ಮಳೆ ಬಂದರೆ ಎಲ್ಲರೂ ಒಳಗೆ ಓಡುತ್ತಾರೆ, ಡೋನಾ ಡೆಲ್ಮಿರಾ ಹೊರಗೆ ಓಡುತ್ತಾರೆ. ಕೊರಳಲ್ಲಿ ಭೂತಗನ್ನಡಿ, ಜೇಬಿನ ತುಂಬ ಹುಳು ಹಾಕಿಕೊಳ್ಳಲು ಖಾಲಿ ಬೆಂಕಿಪೊಟ್ಟಣ. ಯಾರ ಕಲ್ಲುಗೋಡೆಯಾದರೂ ಸರಿ, ಕೇಳದೆ ಮಂಡಿಯೂರಿ ಬಸವನಹುಳು ಹುಡುಕುತ್ತಾರೆ. ಜಗತ್ತಿಗೇ ಹೊಸದೊಂದು ಸಿಕ್ಕರೆ ಗೋಡೆಯ ಯಜಮಾನನ ಹೆಸರನ್ನೇ ಅದಕ್ಕಿಡುತ್ತಾರೆ. ಹೀಗೆ ಊರಿನ ಅರ್ಧ ಜನ ಹುಳುಗಳಾಗಿ ಅಮರರಾಗಿದ್ದಾರೆ. ಬ್ರೆಡ್ಡಂಗಡಿಯ ಅಡೆಲಿನೊಗೆ ಮಾತ್ರ ಇನ್ನೂ ಮುನಿಸು: "ನನ್ನ ಹೆಸರಿನ ಹುಳಕ್ಕೆ ಚಿಪ್ಪೇ ಇಲ್ವಲ್ಲ ಡೋನಾ, ಬರೀ ಲೋಳೆ." "ನಿನ್ನ ಹಾಗೇ ಮೆತ್ತಗಿದೆ ಕಣೋ," ಎನ್ನುತ್ತ ಅವರು ಅವನ ಬಿಸಿ ಬ್ರೆಡ್ಡನ್ನು ಕಂಕುಳಿಗೆ ಸೇರಿಸುತ್ತಾರೆ. ಹೊಸ ಹುಳುವಿಗೆ ತಮ್ಮದೇ ಹೆಸರನ್ನು ತಾವೇ ಇಡುವುದು ಅವರ ಕಸುಬಿನಲ್ಲಿ ಮರ್ಯಾದೆಯಲ್ಲ. ಹೆಸರಿಡಲು ಹುಳುವನ್ನು ಸೀಸೆಯ ನೀರಿನಲ್ಲಿ ಮುಳುಗಿಸಿ ಕೊಂದು, ಕೊಯ್ದು ನೋಡಿ ಅದರ ವಿವರ ಬರೆಯಬೇಕು. ಪ್ರತಿ ಸಲವೂ "ತಪ್ಪಾಯ್ತಪ್ಪ" ಎಂದೇ ಮುಚ್ಚಳ ಹಾಕುತ್ತಾರೆ. ಆದರೆ ಬೆಟ್ಟದ ನೆತ್ತಿಯಲ್ಲಿ ಜರಿಗಿಡದ ಕೆಳಗೆ ಕಂಡ ಹಸಿರು ಹುಳುವಿಗೆ ಅವರು ಸೀಸೆ ತೆಗೆಯಲೇ ಇಲ್ಲ. ಚಳಿಗಾಲವೆಲ್ಲ ಹುಡುಕಿದರೂ ಅಂಥದು ಇನ್ನೊಂದು ಸಿಗಲಿಲ್ಲ. "ಇರೋದೇ ಒಂದು. ಹೆಸರಿಗೋಸ್ಕರ ಅದನ್ನ ಸಾಯ್ಸೋದಾ?" ಎಂದು ಬರಿಗೈಯಲ್ಲಿ ಇಳಿದು ಬಂದರು. ಪುಸ್ತಕಗಳಲ್ಲಿ ಅದಕ್ಕಿನ್ನೂ ಹೆಸರಿಲ್ಲ. ಬೆಟ್ಟದಲ್ಲಿ ದನ ಮೇಯಿಸುವವರು ಮಾತ್ರ ಅದು ಕಂಡರೆ ದನ ತಡೆದು ನಿಲ್ಲುತ್ತಾರೆ: "ತಡಿಯೋ, ಡೋನಾ ಡೆಲ್ಮಿರಾ ದಾಟ್ಲಿ."