ಹನ್ನೊಂದು ಗಂಟೆಯ ಕಾವು

ನಮ್ಮ ಭಾವನಿಗೆ ಗೊತ್ತಿದ್ದ ಔಷಧ ಒಂದೇ, ಕಾವು. ಅಕ್ಕನ ಗಂಡ ಅವರು. ನನ್ನ ಸಂಸಾರ ನೆಟ್ಟಗಾಗದೆ ನಾನು ಅವರ ಮನೆ ಸೇರಿ ಹತ್ತೊಂಬತ್ತು ವರ್ಷವಾಯಿತು. ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವರ ಇಸ್ತ್ರಿ ಅಂಗಡಿ, ಮೂರನೇ ಮಹಡಿಯಲ್ಲಿ ಮನೆ. ಅಂಗಡಿಯೆಂದರೆ ಒಂದು ಮೇಜು, ಅದರ ಮೇಲೆ ಮಡಚಿ ಹಾಸಿದ ಹಳೆಯ ಕಂಬಳಿ, ಎತ್ತಿದರೆ ತೋಳು ಸೋಲುವಂಥ ಇಸ್ತ್ರಿಪೆಟ್ಟಿಗೆ, ನೀರು ಚಿಮುಕಿಸಲು ಮುಚ್ಚಳಕ್ಕೆ ತೂತು ಮಾಡಿದ ಬಾಟಲಿ. ಕಟ್ಟಡದಲ್ಲಿ ಯಾರಿಗೆ ಸೊಂಟ ಹಿಡಿದರೂ, ಯಾರ ಕತ್ತು ಉಳುಕಿದರೂ, ಮಗುವಿಗೆ ಹೊಟ್ಟೆ ನುಲಿದರೂ ಭಾವ ಒಂದು ಹತ್ತಿಬಟ್ಟೆಯನ್ನು ನಾಲ್ಕಾಗಿ ಮಡಚಿ, ಅದರ ಮೇಲೆ ಪೆಟ್ಟಿಗೆಯನ್ನು ಎರಡು ಸಲ ಆಡಿಸಿ, ತಮ್ಮ ಕೆನ್ನೆಗೆ ಹಿಡಿದು ಹದ ನೋಡಿ ಕೊಡುತ್ತಿದ್ದರು. ಬಹಳಷ್ಟು ವಾಸಿಯಾಗುತ್ತಿತ್ತು. "ಅವೆಲ್ಲ ತಾನಾಗೇ ಹೋಗೋ ನೋವು ಭಾವ" ಎಂದು ನಾನು ಅಂದರೆ, "ಬಾಯಿಬಡುಕಿ, ಕೈಗುಣ ಅಂದ್ರೆ ನಿನಗೇನು ಗೊತ್ತು?" ಎನ್ನುತ್ತಿದ್ದರು. ನನಗೆ ಆ ಹೆಸರಿಟ್ಟವರು ಅವರೇ. ಕಟ್ಟಡದಲ್ಲಿ ಈಗ ಎಲ್ಲರೂ ನನ್ನನ್ನು ಹಾಗೇ ಕರೆಯುತ್ತಾರೆ.

ಭಾವ ಕೆಟ್ಟವರಲ್ಲ. ಕುಡಿತವಿಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ಮನೆಯೊಳಗೆ ಬಂದರೆ ಬಾಯಿಗೆ ಬೀಗ. ಬೆಳಗ್ಗೆ ಏಳಕ್ಕೆ ಕೆಳಗಿಳಿದರೆ ಮೇಲೆ ಬರುತ್ತಿದ್ದದ್ದು ಕತ್ತಲಾದ ಮೇಲೆಯೇ. ಮಧ್ಯಾಹ್ನದ ಊಟವನ್ನು ಅಕ್ಕ ಡಬ್ಬಿಯಲ್ಲಿ ಕೆಳಗೆ ಒಯ್ದು ಕೊಡಬೇಕು, ಖಾಲಿ ಡಬ್ಬಿ ತರಬೇಕು. ಅಂಗಡಿಯಲ್ಲಿ ಅವರು ಕೆಲಸ ಮಾಡುವುದನ್ನು ನಿಂತು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಕಾಲರಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಸುಕ್ಕನ್ನು ಮೆಲ್ಲಗೆ ತೀಡಿ, ಎಷ್ಟು ಅಕ್ಕರೆ! ಊರವರ ಕಾಲರಿಗೆಲ್ಲ ಸಿಕ್ಕ ಆ ಕೈ ಅಕ್ಕನ ಕೆನ್ನೆಗೆ ಒಂದು ದಿನವೂ ಸಿಕ್ಕಿರಲಿಲ್ಲ. ಮಕ್ಕಳಿಲ್ಲದ ಮನೆ. ಇಪ್ಪತ್ತಾರು ವರ್ಷ ಇಬ್ಬರೂ ಒಂದೇ ಬಸ್ಸಿನ ಅಕ್ಕಪಕ್ಕದ ಸೀಟಿನವರ ಹಾಗೆ ಬಾಳಿದ್ದರು.

ಅಕ್ಕನ ಎಡ ದವಡೆಯ ಕೆಳಗಿನ ಹಲ್ಲು ಹುಳುಕಾಗಿ ಎರಡು ವರ್ಷವಾಗಿತ್ತು. ನೋವು ಬಂದಾಗ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿ ಇಡುತ್ತಿದ್ದಳು, ಉಪ್ಪುನೀರು ಮುಕ್ಕಳಿಸುತ್ತಿದ್ದಳು, ಮರೆತುಬಿಡುತ್ತಿದ್ದಳು. ಆ ಮಂಗಳವಾರ ಮಾತ್ರ ನೋವು ಯಾವುದಕ್ಕೂ ಜಗ್ಗಲಿಲ್ಲ. ಬೆಳಗ್ಗೆ ತಲೆಯನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ನಾನು ಬೀದಿ ತುದಿಯ ಹಲ್ಲಿನ ಡಾಕ್ಟರ ಹತ್ತಿರ ಓಡಿದೆ. ಬಾಗಿಲಿಗೆ ಬೀಗ, ಮೇಲೊಂದು ಚೀಟಿ: ಡಾಕ್ಟರು ಸೋಮವಾರ ಸಿಗುತ್ತಾರೆ. ಬಸ್‌ ನಿಲ್ದಾಣದ ಹತ್ತಿರ ಇನ್ನೊಬ್ಬ ಡಾಕ್ಟರಿದ್ದಾರೆ, ಅಲ್ಲಿಗೆ ಕರೆದುಕೊಂಡು ಹೋಗೋಣ ಎಂದು ಭಾವನಿಗೆ ಹೇಳಿದೆ. ಪೆಟ್ಟಿಗೆ ನಿಲ್ಲಿಸದೆಯೇ ಅವರು, "ಸೋಮವಾರ ತಾನೇ? ಅಲ್ಲೀವರೆಗೆ ನಾನಿದ್ದೀನಲ್ಲ" ಅಂದರು.

ಹನ್ನೊಂದಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಭಾವ! ಮೂರು ಮಹಡಿ ಹತ್ತುವಷ್ಟರಲ್ಲಿ ಆರಬಾರದೆಂದು ಬಿಸಿಬಟ್ಟೆಯನ್ನು ಬನಿಯನ್‌ ಒಳಗೆ ಎದೆಗೆ ಒತ್ತಿಕೊಂಡು ಬಂದಿದ್ದರು. ಅಕ್ಕನ ಎದುರಿಗೆ ನೆಲದ ಮೇಲೆ ಕುಳಿತು, ಒಂದು ಕೈಯಲ್ಲಿ ಅವಳ ಗಲ್ಲ ಹಿಡಿದು, ಇನ್ನೊಂದರಲ್ಲಿ ಬಟ್ಟೆಯನ್ನು ಕೆನ್ನೆಗಿಟ್ಟರು. ಕಾಲು ಗಂಟೆ ಹಾಗೇ ಕುಳಿತಿದ್ದರು. ಸುಮ್ಮನಿರಲು ಆಗಲಿಲ್ಲವೋ ಏನೋ, "ಐದನೇ ಮಹಡಿ ಮೇಷ್ಟ್ರ ಪ್ಯಾಂಟಿನ ಜೇಬಲ್ಲಿ ಇವತ್ತೂ ಕಡಲೆಕಾಯಿ ಸಿಪ್ಪೆ" ಅಂದರು. ಅಕ್ಕ ನೋವಿನಲ್ಲೂ ಕಿಸಕ್ಕನೆ ನಕ್ಕಳು. ನಾನು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವ ನೆಪದಲ್ಲಿ ನಿಂತುಬಿಟ್ಟೆ. ಅವತ್ತಿನಿಂದ ದಿನಕ್ಕೆ ನಾಲ್ಕು ಸಲ ಬರತೊಡಗಿದರು. ಮೊದಲನೆಯದು ಸರಿಯಾಗಿ ಹನ್ನೊಂದಕ್ಕೆ.

ಬುಧವಾರ ಭಾವ ಕೆಳಗಿಳಿದದ್ದೇ ತಡ, ಅಕ್ಕ ಎದ್ದು ಸ್ಟೀಲ್‌ ಲೋಟದಲ್ಲಿ ತಣ್ಣೀರು ತುಂಬಿ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಏನಕ್ಕಾ ಇದು?"

"ಬಿಸಿ ಇಟ್ರೆ ಒಳಗೆ ಸುತ್ತಿಗೇಲಿ ಬಡಿದ ಹಾಗಾಗುತ್ತೆ ಕಣೇ. ತಣ್ಣಗಿದ್ರೆ ಸ್ವಲ್ಪ ಜೀವ ಬರುತ್ತೆ."

"ಮತ್ತೆ ಭಾವನಿಗೆ ಹೇಳೋದಲ್ವಾ?"

"ಬೇಡ. ಹೇಳಿದ್ರೆ ಬರಲ್ಲ." ಲೋಟವನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿ ಒತ್ತಿಕೊಂಡಳು. "ಇಪ್ಪತ್ತಾರು ವರ್ಷದಲ್ಲಿ ನನ್ನ ಮುಖ ಮುಟ್ಟಿ ಕೂತಿದ್ದು ಇದೇ ಮೊದಲು. ಸೋಮವಾರದವರೆಗೆ ತಾನೇ, ತಡ್ಕೋತೀನಿ. ನೀನು ಬಾಯಿ ಬಿಡಬೇಡ, ಆಣೆ."

ನಾನು ಆಣೆ ಮಾಡಿದೆ. ಅಷ್ಟೇ ಅಲ್ಲ, "ಈ ವಯಸ್ಸಲ್ಲಿ ಹಲ್ಲುನೋವಿಂದ ಹುಟ್ಟಿದ ಪ್ರೀತಿ ನೋಡು" ಎಂದು ರೇಗಿಸಿದೆ. ಅಕ್ಕ ಹುಡುಗಿಯ ಹಾಗೆ ಕೆಂಪಾದಳು. ಇಬ್ಬರೂ ನಕ್ಕೆವು. ಆ ನಗುವನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಶುಕ್ರವಾರ ಕೆನ್ನೆ ಊದಿತು. "ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ" ಎಂದ ಭಾವ ಬಟ್ಟೆಯನ್ನು ಇನ್ನಷ್ಟು ಬಿಸಿ ಮಾಡಿ ತಂದರು. ಶನಿವಾರ ಊತ ಗಲ್ಲದ ಕೆಳಗಿಳಿದು ಕಲ್ಲಿನ ಹಾಗೆ ಗಟ್ಟಿಯಾಯಿತು. ಜ್ವರ ಬಂತು, ಬಾಯಿಗೆ ಚಮಚ ಹೋಗುತ್ತಿರಲಿಲ್ಲ. ಈಗಲೇ ದೊಡ್ಡಾಸ್ಪತ್ರೆಗೆ ಹೋಗೋಣವೆಂದು ನಾನು ಕೂಗಾಡಿದೆ. ಅಕ್ಕ ಕೈಯಾಡಿಸಿ, ಇನ್ನು ಎರಡೇ ದಿನ ಎಂದು ಎರಡು ಬೆರಳು ತೋರಿಸಿದಳು. ನಾನೂ ಫ್ಯಾಕ್ಟರಿಯ ಪಾಳಿಗೆ ಹೊತ್ತಾಯಿತೆಂದು ಹೊರಟೆ. ಹೌದು, ಹೊರಟೆ, ಬಿಸ್ಕೆಟ್‌ ಪೊಟ್ಟಣಕ್ಕೆ ತುಂಬಲು. ಭಾನುವಾರ ಬೆಳಗ್ಗೆ ಅವಳಿಗೆ ಉಗುಳು ನುಂಗಲಾಗಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಭಾವ ಅವಳನ್ನು ಎತ್ತಿಕೊಂಡೇ ಮೂರು ಮಹಡಿ ಇಳಿದರು.

ಆಸ್ಪತ್ರೆಯಲ್ಲಿ ಗಲ್ಲದ ಕೆಳಗೆ ಕೊಯ್ದು ಕೀವು ತೆಗೆದು, ಕತ್ತಿಗೆ ನಳಿಗೆ ಇಟ್ಟರು. ಡಾಕ್ಟರಮ್ಮ ಹೊರಗೆ ಬಂದು ಮನೆಯಲ್ಲಿ ಏನೇನು ಮಾಡಿದಿರಿ ಎಂದು ಕೇಳಿದರು. ಭಾವ ಮೇಷ್ಟ್ರಿಗೆ ಪಾಠ ಒಪ್ಪಿಸುವ ಹಾಗೆ, "ಕಾವು ಕೊಟ್ಟೆ ಡಾಕ್ಟ್ರೇ, ದಿನಕ್ಕೆ ನಾಲ್ಕು ಸಲ, ಒಂದು ದಿನಾನೂ ತಪ್ಪಿಸಿಲ್ಲ" ಅಂದರು.

ಆಕೆ ನಿಟ್ಟುಸಿರಿಟ್ಟರು. "ಕೀವಾದ ಹಲ್ಲಿಗೆ ಹೊರಗಿಂದ ಬಿಸಿ ಇಡಬಾರದು. ತಣ್ಣಗಿನ ಬಟ್ಟೆ ಇಡಬಹುದಿತ್ತು. ಅದಕ್ಕಿಂತ ಹೆಚ್ಚಾಗಿ, ಊದಿಕೊಂಡ ದಿನವೇ ಬರಬೇಕಿತ್ತು. ತಡ ಮಾಡಿದ್ದೇ ದೊಡ್ಡ ತಪ್ಪು." ಭಾವನಿಗೆ ಮೊದಲ ಮಾತಷ್ಟೇ ಕೇಳಿಸಿತು.

ಅಲ್ಲೇ ಬೆಂಚಿನ ಮೇಲೆ ಕುಳಿತು, "ಅವಳು ಒಂದು ಸಲಾನೂ ಉರಿಯುತ್ತೆ ಅನ್ನಲಿಲ್ಲವಲ್ಲ" ಎಂದು ಗೊಣಗಿದರು. ನನಗೆ ಎಲ್ಲಿತ್ತೋ ಸಿಟ್ಟು. ಅದರಲ್ಲಿ ಅರ್ಧ ನನ್ನ ಮೇಲಿನ ಸಿಟ್ಟೇ ಎಂಬುದು ಆಗ ತಿಳಿಯಲಿಲ್ಲ. "ಅವಳಿಗೆ ಸಾಯೋ ಅಷ್ಟು ನೋಯ್ತಿತ್ತು ಭಾವ! ನೀವು ಕೆಳಗೆ ಹೋದ ತಕ್ಷಣ ತಣ್ಣೀರಿನ ಲೋಟ ಇಟ್ಕೊಳ್ತಿದ್ಲು. ನೀವು ಬಂದ್ರೆ ಬಚ್ಚಿಡ್ತಿದ್ಲು" ಅಂದುಬಿಟ್ಟೆ.

ಭಾವ ನನ್ನತ್ತ ತಿರುಗಿದರು. "ಅಷ್ಟೊಂದು ಹೆದರ್ತಿದ್ಲಾ ನನಗೆ?"

"ಮತ್ತಿನ್ನೇನು?" ಅಂದೆ.

ಆ ಒಂದು ಮಾತನ್ನು ನುಂಗಿಕೊಳ್ಳಲು ಆಗಿದ್ದರೆ! ನನಗೆ ನಿಜ ಗೊತ್ತಿತ್ತು. ಆ ಹೊತ್ತಿಗೆ ಅವರನ್ನು ನೋಯಿಸಬೇಕಿತ್ತು, ನೋಯಿಸಿದೆ.

ಒಂಬತ್ತು ದಿನಕ್ಕೆ ಅಕ್ಕ ಮನೆಗೆ ಬಂದಳು. ಗಲ್ಲದ ಕೆಳಗೆ ಗಾಯದ ಗೆರೆ, ಬಾಯಿ ಎರಡು ಬೆರಳು ಹೋಗುವಷ್ಟೇ ತೆರೆಯುತ್ತದೆ. ಆ ಹಲ್ಲೂ ಅದರ ಪಕ್ಕದ್ದೂ ಹೋದವು. ಮರುದಿನ ಹನ್ನೊಂದಕ್ಕೆ ಭಾವ ಬಂದರು. ಬಟ್ಟಲಲ್ಲಿ ಐಸ್‌ ತಂದು ಹೊಸ್ತಿಲ ಒಳಗಿಟ್ಟು, ಅಕ್ಕನ ಮುಖ ನೋಡದೆ ಇಳಿದುಹೋದರು. ನೋವೇ ಇಲ್ಲದ ಕೆನ್ನೆಗೆ ಐಸ್‌ ಯಾಕೆ? ಅದು ಕರಗಿ ನೀರಾಗುವವರೆಗೂ ಅಕ್ಕ ನೋಡುತ್ತಾ ಕುಳಿತಿದ್ದಳು. ಮೂರು ದಿನ ತಂದರು, ಆಮೇಲೆ ಅದೂ ನಿಂತಿತು. ಈಗ ಸೊಂಟನೋವೆಂದು ಅಂಗಡಿಗೆ ಬಂದವರಿಗೂ "ಡಾಕ್ಟ್ರ ಹತ್ರ ಹೋಗಿ" ಎನ್ನುತ್ತಾರಂತೆ. ಇಸ್ತ್ರಿಯವನಿಗೆ ಕೊಬ್ಬು ಬಂದಿದೆ ಎಂದು ಕಟ್ಟಡದವರು ಆಡಿಕೊಳ್ಳುತ್ತಾರೆ.

ಒಂದು ದಿನ ಅಕ್ಕ ಕೇಳಿದಳು. "ನೀನು ಹೇಳಿದ್ಯಾ?"

"ಹೇಳಿದೆ ಅಕ್ಕಾ."

"ಲೋಟದ ವಿಷಯ ಹೇಳಿದ್ಯಲ್ಲ, ಯಾಕೆ ಅಂತ ಹೇಳಿದ್ಯಾ?"

"ಇಲ್ಲ" ಅಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳೇ ಹೇಳಬಹುದಿತ್ತು ಎಂದು ನೀವು ಅನ್ನಬಹುದು. ಇಪ್ಪತ್ತಾರು ವರ್ಷ ಆಡಲಾಗದ ಮಾತನ್ನು ಎರಡು ಬೆರಳಷ್ಟು ತೆರೆಯುವ ಬಾಯಲ್ಲಿ ಹೇಗೆ ಆಡಿಯಾಳು?

ನಾನು ಧಡಧಡನೆ ಕೆಳಗಿಳಿದೆ. ಭಾವ ಯಾರದೋ ಬಿಳಿ ಅಂಗಿ ತೀಡುತ್ತಿದ್ದರು. ಎಲ್ಲವನ್ನೂ ಹೇಳಿದೆ. ಹೆದರಿಕೆಯಲ್ಲ ಭಾವ, ನೀವು ಬರಲಿ ಅಂತ, ನೀವು ಮುಖ ಮುಟ್ಟಿ ಕೂರಲಿ ಅಂತ ತಡೆದುಕೊಂಡಳು ಎಂದು ಅತ್ತೆ. ಅವರು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

"ನನ್ನ ಸಮಾಧಾನಕ್ಕೆ ಏನೇನೋ ಕಟ್ಟಿ ಹೇಳ್ಬೇಡ, ಬಾಯಿಬಡುಕಿ" ಅಂದರು. "ಹೋಗು, ಪಾಳಿಗೆ ಹೊತ್ತಾಯ್ತು."

ಅಂಗಿಯನ್ನು ಮತ್ತೆ ಎಳೆದುಕೊಂಡರು. ನಾನು ಎಷ್ಟು ಹೇಳಿದರೂ ತಲೆ ಎತ್ತಲಿಲ್ಲ.

ಈಗಲೂ ಹತ್ತೂಮುಕ್ಕಾಲಿಗೆ ಅಕ್ಕ ಮುಖ ತೊಳೆದು, ತಲೆ ಬಾಚಿಕೊಂಡು, ಗಾಯದ ಗೆರೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಎದುರಾಗಿ ಕೂರುತ್ತಾಳೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗಲೆಲ್ಲ ಅವಳ ಕತ್ತು ಸ್ವಲ್ಪ ಮೇಲೇಳುತ್ತದೆ. ಹನ್ನೊಂದೂವರೆಗೆ ಎದ್ದು ಭಾವನ ಊಟದ ಡಬ್ಬಿ ತುಂಬುತ್ತಾಳೆ, ಕೆಳಗೆ ಒಯ್ದು ಕೊಟ್ಟು ಬರುತ್ತಾಳೆ.